ಟೈರಿಗೆ ಎಷ್ಟು ಗಾಳಿ? ಉತ್ತರ ಬಾಗಿಲಿನಲ್ಲಿದೆ

ಗಾಳಿ ಹಾಕಿಸಲು ಹೋದಾಗ ‘ಎಷ್ಟು ಹಾಕಲಿ?’ ಎಂದು ಕೇಳಿದರೆ ಹಲವರು ತಡವರಿಸುತ್ತಾರೆ. ‘ಎಲ್ಲರಿಗೂ ಹಾಕುವಷ್ಟು ಹಾಕಿ’ ಎಂದು ಜಾರಿಕೊಳ್ಳುವವರೂ ಇದ್ದಾರೆ. ಎಲ್ಲ ಕಾರಿಗೂ ಹೊಂದುವ ಅಳತೆ ಎಂಬುದಿಲ್ಲ. ಕಾರಿನ ತೂಕ, ಟೈರಿನ ಗಾತ್ರ ನೋಡಿ ತಯಾರಕರು ಒಂದು ಅಂಕಿ ಗೊತ್ತುಮಾಡಿ, ಅದನ್ನು ಕಾರಿಗೇ ಅಂಟಿಸಿ ಕೊಟ್ಟಿರುತ್ತಾರೆ.

ಮೊದಲು ಆ ಚೀಟಿಯನ್ನು ಹುಡುಕಿ. ಚಾಲಕನ ಬಾಗಿಲು ತೆರೆದರೆ, ಬಾಗಿಲು ಬಂದು ಕೂರುವ ಕಂಬದ ಮೇಲೆ ಸಾಮಾನ್ಯವಾಗಿ ಸಿಗುತ್ತದೆ. ಅಲ್ಲಿ ಇಲ್ಲದಿದ್ದರೆ ಇಂಧನ ತುಂಬುವ ಬಾಯಿಯ ಮುಚ್ಚಳದ ಒಳಬದಿ ನೋಡಿ. ಅಲ್ಲೂ ಇಲ್ಲವೆಂದರೆ ಕಾರಿನ ಕೈಪಿಡಿ ಇದ್ದೇ ಇದೆ. ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಬೇರೆ ಬೇರೆ ಅಂಕಿ ಇರಬಹುದು. ಮಂದಿ, ಸಾಮಾನು ತುಂಬಿದಾಗ ಎಷ್ಟಿರಬೇಕೆಂದು ಪ್ರತ್ಯೇಕವಾಗಿ ಬರೆದಿರುವುದೂ ಉಂಟು. ಅಂಥ ದಿನ ಸಾಮಾನ್ಯವಾಗಿ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕು. ಚೀಟಿಯಲ್ಲಿ ಗಾಳಿಯ ಒತ್ತಡವನ್ನು ನಾವು ಅಳೆಯುವ ಪಿಎಸ್‌ಐ ಬದಲು ಬಾರ್ ಅಥವಾ ಕಿಲೋಪಾಸ್ಕಲ್ ಲೆಕ್ಕವಿದ್ದರೆ ಗಾಬರಿ ಬೇಡ: 1 ಬಾರ್ ಎಂದರೆ 100 ಕಿಲೋಪಾಸ್ಕಲ್, ಸುಮಾರು 14.5 ಪಿಎಸ್‌ಐ.

ಟೈರಿನ ಮೈಮೇಲೆ ಅಚ್ಚಾಗಿರುವ ಅಂಕಿಯನ್ನು ಮಾತ್ರ ನಂಬಬೇಡಿ. ಅದು ಆ ಟೈರು ತಡೆದುಕೊಳ್ಳುವ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಬೇಕಾದದ್ದಲ್ಲ. ಹೊಸತರಲ್ಲಿ ನಾನು ಅಲ್ಲಿದ್ದ 44ನ್ನೇ ಹಾಕಿಸಿಕೊಂಡು ಓಡಾಡಿದ್ದೆ. ರಸ್ತೆಯ ಪ್ರತಿ ಕಲ್ಲೂ ನೇರವಾಗಿ ಬೆನ್ನಿಗೆ ಬಂದು ಬಡಿಯುತ್ತಿತ್ತು.

ಇನ್ನು ಹೆಚ್ಚಿನವರು ಎಡವುವ ಜಾಗ. ಚೀಟಿಯ ಅಂಕಿ ತಣ್ಣಗಿರುವ ಟೈರಿನದು. ಕಾರು ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಓಡಿದ ಟೈರು ಬಿಸಿಯಾಗಿ, ಒಳಗಿನ ಗಾಳಿ ಹಿಗ್ಗಲು ಹವಣಿಸಿ, ಒತ್ತಡ ನಾಲ್ಕೈದು ಪಿಎಸ್‌ಐ ಏರುವುದು ಸಹಜ. ನಿಮಗೆ ಬೇಕಾದದ್ದು 33 ಎಂದಿಟ್ಟುಕೊಳ್ಳಿ. ದೂರದಿಂದ ಬಂದ ಕೂಡಲೇ ಅಳೆದಿರಿ, 37 ತೋರಿಸಿತು. ‘ಅಯ್ಯೋ, ಜಾಸ್ತಿಯಾಗಿದೆ’ ಎಂದು 4 ಪಿಎಸ್‌ಐ ಬಿಟ್ಟುಬಿಟ್ಟಿರಿ. ಬೆಳಿಗ್ಗೆ ನೋಡಿದರೆ 29! ಸರಿಯಿದ್ದ ಟೈರನ್ನು ನಾವೇ ಕೆಡಿಸಿದಂತಾಯಿತು. ಬಿಸಿ ಟೈರಿನಿಂದ ಗಾಳಿ ತೆಗೆಯಲೇಬೇಡಿ. ಬಿಸಿಯಿದ್ದಾಗಲೂ ಅಂಕಿ ಕಡಿಮೆ ತೋರಿಸಿದರೆ ಚೀಟಿಗಿಂತ ನಾಲ್ಕು ಹೆಚ್ಚು ಹಾಕಿಸಿ, ತಣ್ಣಗಾದ ಮೇಲೆ ಮತ್ತೆ ಅಳೆದು ಸರಿಪಡಿಸಿ. ಹವಾಮಾನವೂ ಇದೇ ಆಟ ಆಡುತ್ತದೆ: ಉಷ್ಣಾಂಶ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಕರಗುತ್ತದೆ. ಚಳಿ ಶುರುವಾದ ವಾರ ಅಳೆಯುವುದನ್ನು ಮರೆಯದಿರಲು ಇದೇ ಕಾರಣ.

ಅಳೆಯುವುದಕ್ಕೆ ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು. ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ವಾಲ್ವಿನ ಕ್ಯಾಪ್ ತಿರುಗಿಸಿ ತೆಗೆಯಿರಿ. ತೆಗೆದದ್ದನ್ನು ಜೇಬಿಗೆ ಹಾಕಿಕೊಳ್ಳಿ. ನೆಲಕ್ಕಿಟ್ಟರೆ ಅದು ಕಾರಿನ ಅಡಿಗೇ ಉರುಳುತ್ತದೆ. ಗೇಜಿನ ಬಾಯಿಯನ್ನು ವಾಲ್ವಿಗೆ ನೇರವಾಗಿ ಒತ್ತಿ. ‘ಸುಯ್’ ಎನ್ನುತ್ತಲೇ ಇದ್ದರೆ ಗೇಜು ವಾಲಿದೆ ಎಂದರ್ಥ, ಆ ಅಂಕಿ ಲೆಕ್ಕಕ್ಕಿಲ್ಲ. ಸದ್ದು ನಿಲ್ಲುವಂತೆ ಒತ್ತಿ ಹಿಡಿದು ಓದಿ, ಅನುಮಾನವಿದ್ದರೆ ಇನ್ನೊಮ್ಮೆ ಅಳೆಯಿರಿ. ಕಡಿಮೆಯಿದ್ದರೆ ಗಾಳಿ ಹಾಕಿ. ತಣ್ಣಗಿರುವಾಗಲೂ ಹೆಚ್ಚಿದ್ದರೆ ವಾಲ್ವಿನ ನಡುವಿನ ಪುಟ್ಟ ಕಡ್ಡಿಯನ್ನು ಒತ್ತಿ ತುಸು ತುಸುವೇ ಬಿಡಿ. ಕೊನೆಗೆ ವಾಲ್ವಿನ ಬಾಯಿಗೆ ಒಂದು ಹನಿ ಸೋಪು ನೀರು ಹಚ್ಚಿ. ಗುಳ್ಳೆ ಉಬ್ಬಿದರೆ ಒಳಗಿನ ಪಿನ್ನು ಸೋರುತ್ತಿದೆ. ಕ್ಯಾಪ್ ಹಾಕಲು ಮರೆಯಬೇಡಿ, ದೂಳು ನೀರು ಒಳಹೋಗದಂತೆ ಕಾಯುವುದು ಅದೇ.

ತಿಂಗಳಿಗೊಮ್ಮೆ, ದೂರ ಪ್ರಯಾಣಕ್ಕೆ ಮುಂಚೆ ಮತ್ತೊಮ್ಮೆ ಅಳೆದರೆ ಸಾಕು. ಯಾವ ತೂತೂ ಇಲ್ಲದ ಟೈರು ಕೂಡ ತಿಂಗಳಿಗೆ 1 ಪಿಎಸ್‌ಐಯಷ್ಟು ಗಾಳಿ ಕಳೆದುಕೊಳ್ಳುತ್ತದೆ. ನಾಲ್ಕರಲ್ಲಿ ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ಮೊಳೆ ಚುಚ್ಚಿದೆಯೇ ನೋಡಿಸಿ. ಒದ್ದೋ ಕಣ್ಣಳತೆಯಲ್ಲೋ ಹೇಳುವ ಪರಿಣತರ ಮಾತು ಕೇಳಬೇಡಿ: ಇಂದಿನ ಕಾರುಗಳಲ್ಲಿರುವ ರೇಡಿಯಲ್ ಟೈರು ಗಾಳಿ ಸರಿಯಿದ್ದಾಗಲೂ ಬುಡದಲ್ಲಿ ಸ್ವಲ್ಪ ಉಬ್ಬಿಯೇ ಇರುತ್ತದೆ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವೂ ಗೇಜಿಗೆ ಸಮವಲ್ಲ. ಹಲವು ಕಾರುಗಳಲ್ಲಿ ಒತ್ತಡ ಕಾಲುಭಾಗದಷ್ಟು ಕುಸಿದ ಮೇಲೆಯೇ ಅದು ಹೊತ್ತಿಕೊಳ್ಳುತ್ತದೆ. ಅಷ್ಟು ಇಳಿದ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯೇರುತ್ತವೆ. ವೇಗದಲ್ಲಿ ಟೈರು ಸಿಡಿಯುವುದು ಹೀಗೆ. ಸವೆತ ಕೂಡ ಹಳೆಯ ಕಥೆ ಹೇಳುತ್ತದೆ: ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು, ನಡುಭಾಗ ಸವೆದಿದ್ದರೆ ಹೆಚ್ಚಿತ್ತು.

ನೈಟ್ರೋಜನ್ ಹಾಕಿಸಬೇಕೇ? ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಪಾಲು ಇದೆ. ಹಾಕಿಸಿದರೆ ತಪ್ಪಿಲ್ಲ, ಆದರೆ ಅಳೆಯುವ ಕೆಲಸ ತಪ್ಪುವುದಿಲ್ಲ.

ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನೂ ಅಳೆಯಿರಿ. ತಾತ್ಕಾಲಿಕ ಬಳಕೆಗೆಂದು ಕೊಡುವ ಸಣಕಲು ಸ್ಟೆಪ್ನಿಯಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು. ಇದೊಂದಕ್ಕೆ ಮಾತ್ರ ಹಾಕಬೇಕಾದ ಅಂಕಿ ಅದರ ಮೈಮೇಲೇ ಇರುತ್ತದೆ.