ಕೆಇಆರ್‌ಸಿ ಕರಡು ಬಿಟ್ಟಾಗ ಆಕ್ಷೇಪಣೆ ಬರೆಯೋದು ಹೇಗೆ?

ಕರೆಂಟ್ ವಿಷಯಕ್ಕೆ ತೊಂದ್ರೆ ಆದಾಗ ನಾವೆಲ್ಲ ಬೆಸ್ಕಾಂ, ಹೆಸ್ಕಾಂ ಅಂತ ಬೈಕೋತೀವಿ, ಆದ್ರೆ ಹೊಸ ಕನೆಕ್ಷನ್ ಎಷ್ಟು ದಿನದಲ್ಲಿ ಕೊಡ್ಬೇಕು, ಮೀಟರ್ ಕೆಟ್ರೆ ಬಿಲ್ ಹೇಗೆ ಹಾಕ್ಬೇಕು ಅನ್ನೋ ನಿಯಮ ಬರೆಯೋದು ಅವರಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದ್ರೆ ಕೆಇಆರ್‌ಸಿ. ಬೆಂಗಳೂರಿನ ವಸಂತನಗರದಲ್ಲಿದೆ, 1999ರಿಂದ ಕೆಲಸ ಮಾಡ್ತಿದೆ. ಈ ರೆಗ್ಯುಲೇಷನ್‌ಗಳು (ಸರ್ಕಾರಿ ಕನ್ನಡದಲ್ಲಿ ವಿನಿಯಮ) ಮೊದಲು ಕರಡಾಗಿ ಹೊರಗೆ ಬಂದು, ಜನ ಏನಂತಾರೆ ಅಂತ ಕೇಳಿ, ಆಮೇಲೇ ಜಾರಿಗೆ ಬರೋದು. ಆ ಮಧ್ಯದ ಕೆಲವೇ ದಿನ ನಮ್ಮದು, ಅದನ್ನ ಕಳ್ಕೊಬೇಡಿ ಅಂತ ಹೇಳೋಕೇ ಇದನ್ನ ಬರೀತಿದೀನಿ.

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳಿ. ಯೂನಿಟ್‌ಗೆ ಇಷ್ಟು ರೂಪಾಯಿ ಅಂತ ಬರೋದು ದರ ಆದೇಶ, ಅದು ರೆಗ್ಯುಲೇಷನ್ ಅಲ್ಲ. ದರದ ದಾರಿನೇ ಬೇರೆ, ಕಂಪನಿ ಅರ್ಜಿ ಹಾಕತ್ತೆ, ವಿಚಾರಣೆ ನಡೆಯತ್ತೆ, ಆದೇಶ ಇಷ್ಟ ಆಗ್ಲಿಲ್ಲ ಅಂದ್ರೆ 45 ದಿನದೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗ್ಬೋದು. ರೆಗ್ಯುಲೇಷನ್‌ಗೆ ಆ ಬಾಗಿಲಿಲ್ಲ. 2010ರಲ್ಲಿ ಪಿಟಿಸಿ ಇಂಡಿಯಾ ಕೇಸಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಆಯೋಗ ಮಾಡಿದ ರೆಗ್ಯುಲೇಷನ್ ಸಿಂಧುವೋ ಅಲ್ವೋ ಅಂತ ನ್ಯಾಯಮಂಡಳಿ ನೋಡೋ ಹಾಗಿಲ್ಲ ಅಂದುಬಿಡ್ತು. ಹಾಗಾಗಿ ಆಮೇಲೆ ಪ್ರಶ್ನೆ ಮಾಡ್ಬೇಕು ಅಂದ್ರೆ ಹೈಕೋರ್ಟೇ ಗತಿ, ಅದಕ್ಕೆ ಖರ್ಚೆಷ್ಟು, ವರ್ಷ ಎಷ್ಟು ಅಂತ ನಿಮಗೇ ಗೊತ್ತು.

ದಾರಿ ಹೀಗಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 181ನೇ ಸೆಕ್ಷನ್ ಪ್ರಕಾರ ರೆಗ್ಯುಲೇಷನ್ ಮಾಡೋ ಮುಂಚೆ ಕರಡು ಪ್ರಕಟಿಸಲೇಬೇಕು. ಕೇಂದ್ರದ ಕಾಯ್ದೆಗಳಿಗೆಲ್ಲ ಅನ್ವಯಿಸೋ ಸಾಮಾನ್ಯ ನಿಯಮಗಳಿರೋ ಜನರಲ್ ಕ್ಲಾಸಸ್ ಆಕ್ಟ್‌ನ 23ನೇ ಸೆಕ್ಷನ್ ಇನ್ನೂ ಸ್ಪಷ್ಟ, ಕರಡಿನ ಜೊತೆ ಒಂದು ತಾರೀಖು ಹಾಕ್ಬೇಕು, ಅದಕ್ಕಿಂತ ಮುಂಚೆ ಬಂದ ಆಕ್ಷೇಪಣೆ, ಸಲಹೆಗಳನ್ನ ಪರಿಗಣಿಸಲೇಬೇಕು. ಮುಂಚೆ ಬಂದ ಅಂದ್ರೆ ಅವರ ಕೈಗೆ ತಲುಪಿದ, ನೀವು ಪೋಸ್ಟ್ ಮಾಡಿದ ದಿನ ಲೆಕ್ಕಕ್ಕಿಲ್ಲ ಅಂತಲೇ ಅಂದ್ಕೊಂಡು ಕಳಿಸಿ. ಅದೇ ಸೆಕ್ಷನ್‌ನ ಕೊನೆಗೆ ಇನ್ನೊಂದು ಮಾತಿದೆ, ಅಂತಿಮ ನಿಯಮ ಗೆಜೆಟ್‌ನಲ್ಲಿ ಬಂದುಬಿಟ್ರೆ ಅದು ಕ್ರಮಬದ್ಧವಾಗೇ ಆಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಕರಡು ಸರಿಯಾಗಿ ಪ್ರಕಟಿಸಲಿಲ್ಲ ಅಂತ ಆಮೇಲೆ ವಾದ ಮಾಡೋದು ತುಂಬಾ ಕಷ್ಟ.

ಒಪ್ಪಿಗೆ ಕೊಡೋದು ಯಾರು? ಮಂತ್ರಿಗಳಲ್ಲ, ಕ್ಯಾಬಿನೆಟ್ ಅಲ್ಲ. ಅಧ್ಯಕ್ಷರು ಮತ್ತು ಸದಸ್ಯರು ಸೇರಿ ಹೆಚ್ಚಂದ್ರೆ ಮೂರು ಜನ ಇರೋ ಆಯೋಗವೇ ಅಂತಿಮ ಮಾಡಿ ಗೆಜೆಟ್‌ಗೆ ಕಳಿಸತ್ತೆ. ಆಮೇಲೆ 182ನೇ ಸೆಕ್ಷನ್ ಪ್ರಕಾರ ವಿಧಾನಸಭೆ, ವಿಧಾನ ಪರಿಷತ್ತು ಎರಡರ ಮುಂದೂ ಇಡ್ಬೇಕು. ಸದನ ಒಪ್ಪಿದ ಮೇಲೇ ಜಾರಿ ಅಂತ ಆ ಸೆಕ್ಷನ್‌ನಲ್ಲಿಲ್ಲ, ಇಡ್ಬೇಕು ಅಂತಷ್ಟೇ ಇರೋದು.

ಈಗ ಪತ್ರ. ಕೆಇಆರ್‌ಸಿ ವೆಬ್‌ಸೈಟ್‌ನಲ್ಲಿ ಕರಡು ಸಿಕ್ಕ ತಕ್ಷಣ ಪ್ರಿಂಟ್ ತೆಗೀರಿ, ಮೊಬೈಲಲ್ಲಿ ಓದಿದ್ರೆ ಅರ್ಧ ತಪ್ಪಿಹೋಗತ್ತೆ. ತಿದ್ದುಪಡಿ ಕರಡಾದ್ರೆ ಹಳೇ ರೆಗ್ಯುಲೇಷನ್ ಪಕ್ಕಕ್ಕಿಟ್ಕೊಂಡೇ ಓದಿ, ಇಲ್ಲಾಂದ್ರೆ "ಈ ಪದದ ಬದಲು ಆ ಪದ" ಅನ್ನೋ ಸಾಲು ಏನೂ ಅರ್ಥ ಆಗಲ್ಲ. ಪತ್ರ ಆಯೋಗದ ಕಾರ್ಯದರ್ಶಿಗೆ ಬರೀರಿ, ಕನ್ನಡದಲ್ಲೇ ಬರೀರಿ. ಹೆಸರು, ವಿಳಾಸ, ಆರ್.ಆರ್. ನಂಬರ್ (ಬಿಲ್ ಮೇಲಿರೋ ನಿಮ್ಮ ಕನೆಕ್ಷನ್ ನಂಬರ್), ಕರಡಿನ ಪೂರ್ತಿ ಹೆಸರು, ನೋಟಿಸ್ ತಾರೀಖು ಮೇಲ್ಗಡೆ ಇರ್ಲಿ.

ಜನ ಸೋಲೋದು ಇದಾದ ಮೇಲಿನ ಭಾಗದಲ್ಲಿ. "ಇದು ಗ್ರಾಹಕ ವಿರೋಧಿ, ಕೈಬಿಡಿ" ಅಂತ ಬರೆದ್ರೆ ಅಲ್ಲಿ ಕೂತಿರೋರು ಅದನ್ನ ಇಟ್ಕೊಂಡು ಏನ್ ಮಾಡ್ಬೇಕು? ಕ್ಲಾಸ್ (ಕರಡಿನೊಳಗಿನ ಆ ಖಂಡ) ನಂಬರ್ ಹಾಕಿ, ಕರಡಲ್ಲಿ ಇರೋ ಸಾಲನ್ನ ಹಾಗೇ ಬರೀರಿ, ಅದರ ಕೆಳಗೆ ನಿಮಗೆ ಬೇಕಾದ ಸಾಲು ಬರೀರಿ, ಆಮೇಲೆ ಕಾರಣ. ಉದಾಹರಣೆಗೆ ಕರಡಲ್ಲಿ "ಸೂಕ್ತ ಸಮಯದಲ್ಲಿ ಗ್ರಾಹಕರಿಗೆ ತಿಳಿಸತಕ್ಕದ್ದು" ಅಂತ ಇದೆ ಅಂದ್ಕೊಳ್ಳಿ, ನೀವು "7 ದಿನದೊಳಗೆ ಲಿಖಿತವಾಗಿ ಮತ್ತು ಎಸ್ಸೆಮ್ಮೆಸ್ ಮೂಲಕ ತಿಳಿಸತಕ್ಕದ್ದು" ಅಂತ ಬದಲಿ ಸಾಲು ಕೊಡಿ, ನಿಮ್ಮ ಮನೇಲೋ ಪಂಪ್‌ಸೆಟ್‌ಗೋ ಆಗಿರೋ ಅನುಭವ ತಾರೀಖು ಸಮೇತ ಹೇಳಿ, ಬಿಲ್ ಜೆರಾಕ್ಸ್ ಲಗತ್ತಿಸಿ. ಒಪ್ಪೋ ಕ್ಲಾಸ್ ಇದ್ರೆ ಅದನ್ನೂ ಬರೀರಿ, ಯಾಕಂದ್ರೆ ಕಂಪನಿಗಳು ಅದನ್ನ ತೆಗೀರಿ ಅಂತ ಬರೆದಿರ್ಬೋದು, ಉಳಿಸಿ ಅನ್ನೋ ದನಿ ಒಂದಾದ್ರೂ ಫೈಲಲ್ಲಿ ಇರ್ಬೇಕಲ್ವಾ.

ಬಹಿರಂಗ ವಿಚಾರಣೆ ಇಟ್ರೆ ಖುದ್ದಾಗಿ ಮಾತಾಡ್ತೀನಿ ಅಂತ ಪತ್ರದಲ್ಲೇ ಒಂದು ಸಾಲು ಸೇರ್ಸಿ. ಅಫಿಡವಿಟ್ಟು, ಹೆಚ್ಚಿನ ಪ್ರತಿ ಕೇಳಿದಾರಾ ಅಂತ ನೋಟಿಸ್ ನೋಡ್ಕೊಳ್ಳಿ. ಸ್ಪೀಡ್ ಪೋಸ್ಟ್ ಮಾಡಿ, ನೋಟಿಸಲ್ಲಿ ಇಮೇಲ್ ಕೊಟ್ಟಿದ್ರೆ ಅದಕ್ಕೂ ಕಳ್ಸಿ, ರಸೀದಿ ಎಸೀಬೇಡಿ.

ಅಂತಿಮ ಗೆಜೆಟ್ ಬಂದ ಮೇಲೆ ನಿಮ್ಮ ಕ್ಲಾಸ್ ಏನಾಯ್ತು ಅಂತ ಹುಡುಕಿ. ಬದಲಾಗಿಲ್ಲ, ಕಾರಣಾನೂ ಕಾಣಿಸ್ತಿಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ಬಂದ ಆಕ್ಷೇಪಣೆಗಳ ಪಟ್ಟಿ ಮತ್ತು ಆ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ, ಉತ್ತರಕ್ಕೆ 30 ದಿನ ಟೈಮಿದೆ. ಜೊತೆಗೆ ವಿಧಾನ ಮಂಡಲದ ಅಧೀನ ಶಾಸನ ಸಮಿತಿಗೆ ಒಂದು ಪತ್ರ ಬರೆದು ಪ್ರತಿ ನಿಮ್ಮ ಎಂಎಲ್‌ಎಗೂ ಕೊಡಿ, ಇಂಥ ನಿಯಮಗಳು ಕಾಯ್ದೆಯ ಮಿತಿ ದಾಟಿದಾವಾ ಅಂತ ನೋಡೋದೇ ಆ ಸಮಿತಿ ಕೆಲಸ.