ಕಾಪು ದೀಪಸ್ತಂಭವನ್ನು ಬ್ರೌಸರ್‌ನಲ್ಲಿ ತಿರುಗಿಸಿದ್ದು

ಉಡುಪಿಯಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ನನಗೆ ಬಹಳ ಕಾಲದಿಂದ ಇದ್ದ ಆಸೆ ಇದು: ಅವರು ಬರೆದ ಗ್ರಾಫಿಕ್ಸ್ ಪ್ರೋಗ್ರಾಂ ಲ್ಯಾಬ್‌ನಲ್ಲೇ ಉಳಿಯಬಾರದು, ಮನೆಯಲ್ಲಿ ಅಮ್ಮನ ಮೊಬೈಲ್‌ನಲ್ಲೂ ತೆರೆಯಬೇಕು. ಟರ್ಬೊ ಸಿಯ ಗ್ರಾಫಿಕ್ಸ್ ಲೈಬ್ರರಿ ಡಾಸ್ ಕಾಲದ್ದು, ಅದರಿಂದ ಈ ಕೆಲಸ ಆಗುವುದಿಲ್ಲ. ಹಾಗಾಗಿ ಚಿತ್ರ ಬಿಡಿಸಲು ಎಸ್‌ಡಿಎಲ್2 ಎಂಬ ಲೈಬ್ರರಿ, ಅದರ ಜೊತೆ ಎಮ್‌ಸ್ಕ್ರಿಪ್ಟನ್ ಆರಿಸಿಕೊಂಡೆ. ಸಿ ಕೋಡನ್ನು ಬ್ರೌಸರ್ ಓಡಿಸಬಲ್ಲ ವೆಬ್‌ಅಸೆಂಬ್ಲಿ ಕೋಡ್‌ಗೆ ಇಳಿಸುವ ಕಂಪೈಲರ್ ಈ ಎಮ್‌ಸ್ಕ್ರಿಪ್ಟನ್.

ಚಿತ್ರಕ್ಕೆ 1901ರ ಕಾಪು ದೀಪಸ್ತಂಭ. ಕೆಳಗೆ ಬಂಡೆ, ಮೇಲೆ ಗೋಪುರ, ಅದರ ತುದಿಯಿಂದ ಸುತ್ತ ತಿರುಗುವ ಬೆಳಕು. ಕೋನ ಒಂದಿದ್ದರೆ ಕೊಸೈನ್, ಸೈನ್ ಬಳಸಿ ಗೆರೆಯ ಇನ್ನೊಂದು ತುದಿ ಸಿಗುತ್ತದೆ, ಗಣಿತ ಅಷ್ಟೇ.

ಎಮ್‌ಸ್ಕ್ರಿಪ್ಟನ್ ಕಿಟ್ ಇಳಿಸಿ, ಇನ್‌ಸ್ಟಾಲ್ ಮಾಡಿ, ಆಕ್ಟಿವೇಟ್ ಮಾಡಿದೆ. ಕಂಪೈಲ್ ಮಾಡುವಾಗ ಎಸ್‌ಡಿಎಲ್ 2 ಬೇಕೆಂದು ಹೇಳಿ, ಔಟ್‌ಪುಟ್ ಹೆಸರಿನ ಕೊನೆಗೆ ಎಚ್‌ಟಿಎಂಎಲ್ ಎಂದು ಕೊಟ್ಟರೆ ಮೂರು ಫೈಲ್ ಬರುತ್ತವೆ: ಪುಟ, ಜಾವಾಸ್ಕ್ರಿಪ್ಟ್, ವಾಸ್ಮ್ (ಅಂದರೆ ವೆಬ್‌ಅಸೆಂಬ್ಲಿ).

ನಿಜವಾದ ಪಾಠ ಇರುವುದು ಲೂಪ್‌ನಲ್ಲಿ. ಡೆಸ್ಕ್‌ಟಾಪ್‌ನಲ್ಲಿ ನಾವು ವೈಲ್ ಲೂಪ್ ಹಾಕಿ ಕೊನೆಯಿಲ್ಲದೆ ಚಿತ್ರ ಬಿಡಿಸುತ್ತಲೇ ಇರುತ್ತೇವೆ. ಬ್ರೌಸರ್‌ನಲ್ಲಿ ಹಾಗೆ ಮಾಡಿದರೆ ಟ್ಯಾಬ್ ಸ್ತಬ್ಧ. ಪರದೆಯ ಮೇಲೆ ಚಿತ್ರ ಮೂಡಿಸುವುದು, ಕ್ಲಿಕ್ ಗಮನಿಸುವುದು ಎಲ್ಲವೂ ನಮ್ಮ ಕೋಡ್ ಓಡುವ ಅದೇ ಥ್ರೆಡ್‌ನ, ಅಂದರೆ ಒಂದಾದ ಮೇಲೊಂದು ಕೆಲಸ ಮಾಡುವ ಸಾಲಿನ, ಕೆಲಸ; ನಮ್ಮ ಲೂಪ್ ಅದನ್ನು ಬಿಟ್ಟುಕೊಡುವುದೇ ಇಲ್ಲ. ಅದಕ್ಕೆ ಒಂದು ಫ್ರೇಮ್ ಬಿಡಿಸುವ ಕೋಡನ್ನು ಬೇರೆ ಫಂಕ್ಷನ್ ಮಾಡಿ, ಎಮ್‌ಸ್ಕ್ರಿಪ್ಟನ್‌ನ 'ಸೆಟ್ ಮೇನ್ ಲೂಪ್'ಗೆ ಒಪ್ಪಿಸಿದೆ. ವೇಗದ ಜಾಗದಲ್ಲಿ 0 ಕೊಟ್ಟರೆ ಪರದೆ ಹೊಸದಾಗುವ ಲಯಕ್ಕೇ ಬ್ರೌಸರ್ ನಮ್ಮ ಫಂಕ್ಷನ್ ಕರೆಯುತ್ತದೆ. ಈ ಹೊಸ ಫಂಕ್ಷನ್‌ಗೂ ಸಿಗಬೇಕಲ್ಲ, ಹಾಗಾಗಿ ಮೇನ್ ಫಂಕ್ಷನ್ ಒಳಗಿದ್ದ ಕೋನ, ರೆಂಡರರ್ (ಎಸ್‌ಡಿಎಲ್ ಚಿತ್ರ ಬಿಡಿಸಲು ಬಳಸುವುದು) ಎಲ್ಲ ಹೊರಗೆ ಬರಬೇಕಾಯಿತು. ಮಕ್ಕಳಿಗೆ ಇದನ್ನು ಬೋರ್ಡ್ ಮೇಲೆ ಬಿಡಿಸಿ ತೋರಿಸುವುದು ನನಗೆ ತುಂಬಾ ಇಷ್ಟ. ವೇರಿಯಬಲ್‌ನ ಆಯುಸ್ಸು ಎಂದರೇನು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ವಾಸ್ಮ್ ಲೋಡ್ ಆಗದು, ಸರ್ವರ್ ಬೇಕು. ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಧಾರಾಳ ಸಾಕು; 8000 ಪೋರ್ಟ್‌ನಲ್ಲಿ ಓಡುತ್ತದೆ.

"ಸರ್, ಇದು ನನ್ನ ಮೊಬೈಲ್‌ನಲ್ಲಿ ಬರ್ತದಾ?" ಎಂದು ಒಬ್ಬಳು ಕೇಳಿದಳು. ಅದೇ ವೈಫೈಯಲ್ಲಿ ನನ್ನ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಹೊಡೆದಳು, ಬಂತು. ಆದರೆ ಅವಳ ಫೋನ್ ಪರದೆ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಹೊಸದಾಗುತ್ತದೆ; ನನ್ನದು 60. ಬೆಳಕು ಅಲ್ಲಿ ಎರಡು ಪಟ್ಟು ಬೇಗ ತಿರುಗಿತು! ಫ್ರೇಮಿಗೆ ಇಷ್ಟು ಡಿಗ್ರಿ ಎನ್ನುವ ಬದಲು ಎಸ್‌ಡಿಎಲ್‌ನ ಮಿಲಿಸೆಕೆಂಡ್ ಎಣಿಕೆಯಿಂದ ಕೋನ ಲೆಕ್ಕ ಹಾಕುವಂತೆ ಆ ಸಾಲನ್ನು ಅವಳೇ ಬದಲಿಸಿದಳು.