ಬೆಂಗಾವಲು ಕ್ಯಾಪ್ಟನ್‌ಗಳ ನೆನಪುಗಳನ್ನು ನಾನು ಓದುವ ಬಗೆ

ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಕಾನ್ವಾಯ್‌ಗಳ, ಅಂದರೆ ಗುಂಪಾಗಿ ಸಾಗುವ ವ್ಯಾಪಾರಿ ಹಡಗುಗಳ, ಬೆಂಗಾವಲಿಗೆ ಹೋದ ಬ್ರಿಟಿಷ್ ನೌಕಾ ಅಧಿಕಾರಿಗಳ ನೆನಪಿನ ಪುಸ್ತಕಗಳು ನನ್ನ ಹಳೇ ಹುಚ್ಚು. ಕಾದಂಬರಿಯ ಹಾಗೆ ಒರಗಿಕೊಂಡು ಓದಲು ನನಗೆ ಆಗುವುದಿಲ್ಲ. ಪಕ್ಕದಲ್ಲಿ ಗ್ರಾಫ್ ಹಾಳೆ, ಪೆನ್ಸಿಲು, ರಬ್ಬರ್ ಇರಲೇಬೇಕು. ಪರೀಕ್ಷೆಗೆ ಕೂತಿದ್ದಾನೆ ಅಂತ ಮನೆಯವರು ನಗುತ್ತಾರೆ. ನಗಲಿ.

ಮೊದಲು ಕಾನ್ವಾಯನ್ನು ಹಾಳೆಯ ಮೇಲೆ ಬಿಡಿಸುತ್ತೇನೆ. ಒಂದರ ಹಿಂದೆ ಒಂದು ಉದ್ದಕ್ಕೆ ಸಾಗುವ ಹಡಗುಗಳು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಕಾನ್ವಾಯ್‌ಗೆ ಉದ್ದಕ್ಕಿಂತ ಅಗಲವೇ ಜಾಸ್ತಿ. ಯು-ಬೋಟ್, ಅಂದರೆ ಜರ್ಮನ್ ಜಲಾಂತರ್ಗಾಮಿ, ಹೊಡೆಯುವುದು ಪಕ್ಕದಿಂದ, ಆದ್ದರಿಂದ ಪಕ್ಕ ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಸಾಲಿನಿಂದ ಸಾಲಿಗೆ ಸುಮಾರು 1000 ಗಜ. ಹನ್ನೊಂದು ಸಾಲು ಇದ್ದರೆ ಅಗಲವೇ ಒಂಬತ್ತು ಕಿಲೋಮೀಟರ್ ದಾಟಿತು. ಪ್ರತಿ ಹಡಗಿಗೂ ಅದರ ಜಾಗವೇ ನಂಬರು. 53 ಅಂದರೆ ಐದನೇ ಸಾಲಿನ ಮೂರನೇ ಹಡಗು. ಪುಸ್ತಕದಲ್ಲಿ ಇಂಥ ನಂಬರು ಬಂದ ಕೂಡಲೇ ಹಾಳೆಯ ಮೇಲೆ ಆ ಚೌಕಕ್ಕೆ ಗುರುತು ಹಾಕುತ್ತೇನೆ.

ಆಮೇಲೆ ಸುತ್ತಲೂ ಬೆಂಗಾವಲು ಹಡಗುಗಳನ್ನು ಇಡುತ್ತೇನೆ. ಆರೋ ಏಳೋ, ಅಷ್ಟೇ. ಅವುಗಳ ನಡುವೆ ಎಷ್ಟು ಖಾಲಿ ನೀರಿದೆ ಅನ್ನುವುದು ಆಗ ಕಣ್ಣಿಗೆ ಹೊಡೆಯುತ್ತದೆ. ಅವುಗಳಲ್ಲೂ ಬಹುಪಾಲು ಫ್ಲವರ್ ವರ್ಗದ ಸಣ್ಣ ಯುದ್ಧನೌಕೆಗಳು, ಕಾರ್ವೆಟ್‌ಗಳು. ಅವುಗಳ ಓಟ 16 ನಾಟ್. ನೀರಿನ ಮೇಲೆ ಓಡುವ ಯು-ಬೋಟ್‌ಗೆ ಸುಮಾರು 17. ಅಟ್ಟಿಸಿಕೊಂಡು ಹೋದರೂ ಸಿಗುವುದಿಲ್ಲ, ಅಲ್ವಾ? ನೀರಿನೊಳಗೆ ಸದ್ದು ಬಿಟ್ಟು ಪ್ರತಿಧ್ವನಿ ಹಿಡಿಯುವ ಆಸ್ಡಿಕ್ ಇತ್ತು ನಿಜ. ಆದರೆ ರಾತ್ರಿ ಯು-ಬೋಟ್ ಮೇಲೆಯೇ ಇದ್ದರೆ ಅದು ಹೆಚ್ಚು ಕಡಿಮೆ ಕುರುಡು. ಮುಳುಗಿದ ಯು-ಬೋಟ್ ಸಿಕ್ಕರೂ ಹಡಗು ತೀರಾ ಹತ್ತಿರ ಹೋದಾಗ ಪ್ರತಿಧ್ವನಿ ತಪ್ಪಿಹೋಗುತ್ತದೆ. ಕೊನೆಯ ಕೆಲವು ನೂರು ಗಜ ಅಂದಾಜಿನ ಮೇಲೆ ಸಾಗಿ ಹಿಂಬದಿಯಿಂದ ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬು, ಉರುಳಿಸಬೇಕು. ಇದನ್ನು ತಲೆಯಲ್ಲಿಟ್ಟುಕೊಂಡು ಓದಿದರೆ, 'ಗುರಿ ತಪ್ಪಿತು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ ಜಾಗದಲ್ಲಿ ಎಷ್ಟು ಕಥೆ ಅಡಗಿದೆ ಅಂತ ತಿಳಿಯುತ್ತದೆ.

ಇನ್ನೊಂದು ಅಭ್ಯಾಸ, ಪುಸ್ತಕ ಅಚ್ಚಾದ ವರ್ಷ ನೋಡುವುದು. 1974ಕ್ಕೆ ಮುಂಚಿನದಾದರೆ, ಜರ್ಮನ್ನರ ಎನಿಗ್ಮಾ ಸಂಕೇತಗಳನ್ನು ಬ್ಲೆಚ್‌ಲಿ ಪಾರ್ಕ್ ಅನ್ನುವ ಬ್ರಿಟಿಷ್ ಗುಪ್ತ ಕೇಂದ್ರದಲ್ಲಿ ಒಡೆದು ಓದುತ್ತಿದ್ದ ವಿಷಯ ಅದರಲ್ಲಿ ಸಿಗುವುದಿಲ್ಲ. ಅಲ್ಲಿಯವರೆಗೆ ಅದು ಗುಟ್ಟಾಗಿಯೇ ಇತ್ತು. ನಾನು ಓದುವ ಬೆಂಗಾವಲು ಕಮಾಂಡರ್‌ಗಳಲ್ಲಿ ಡೊನಾಲ್ಡ್ ಮ್ಯಾಕಿಂಟೈರ್ ಬರೆದದ್ದು 1956ರಲ್ಲಿ, ಪೀಟರ್ ಗ್ರೆಟನ್ 1964ರಲ್ಲಿ. ದಂಡೆಯಿಂದ ಥಟ್ಟನೆ ದಾರಿ ಬದಲಿಸಲು ಆದೇಶ ಬಂತು ಅಂತ ಬಂದರೆ, ಹಿಂದೆ ಏನಿರಬಹುದು ಅಂತ ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಳ್ಳುತ್ತೇನೆ. ಯಾರು ಯಾವ ಯು-ಬೋಟ್ ಮುಳುಗಿಸಿದರು ಅನ್ನುವ ಲೆಕ್ಕವೂ ಹಾಗೆಯೇ ಬದಲಾಗಿದೆ. ಜರ್ಮನ್ ಯು-ಬೋಟ್ ಪಡೆಯ ಮುಖ್ಯಸ್ಥ ಅಡ್ಮಿರಲ್ ಡೋನಿಟ್ಜ್ ಅವರ ಮಗ ಸತ್ತ ಯು-954 ಬಹಳ ಕಾಲ ಲಿಬರೇಟರ್ ವಿಮಾನದ ಖಾತೆಯಲ್ಲಿತ್ತು. ಆಮೇಲೆ ದಾಖಲೆಗಳನ್ನು ಕೂಡಿಸಿ ನೋಡಿ ಅದನ್ನು ಜೆಡ್ ಮತ್ತು ಸೆನ್ನೆನ್ ಹಡಗುಗಳ ಹೆಸರಿಗೆ ಬರೆದರು. ಹಾಗಂತ ಹಳೇ ಪುಸ್ತಕ ಸುಳ್ಳು ಅಂತಲ್ಲ, ಬರೆದ ದಿನ ಅವರಿಗೆ ಗೊತ್ತಿದ್ದದ್ದು ಅಷ್ಟೇ. ಗಡಿಯಾರದ ಗೊಂದಲ ಬೇರೆ. ಯು-ಬೋಟ್‌ಗಳ ದಿನಚರಿ ಜರ್ಮನ್ ಸಮಯದಲ್ಲಿರುತ್ತದೆ. ಬ್ರಿಟಿಷರದಕ್ಕೆ ಹೊಂದಿಸದೆ ಇಟ್ಟರೆ ಹಡಗಿಗೆ ಟಾರ್ಪೆಡೊ ಬಡಿದ ಮೇಲೆ ಅದನ್ನು ಬಿಟ್ಟಂತೆ ಕಾಣುತ್ತದೆ!

ನನಗೆ ಇವರಲ್ಲಿ ಗ್ರೆಟನ್ ಹೆಚ್ಚು ಇಷ್ಟ. ಮ್ಯಾಕಿಂಟೈರ್ ಕಥೆಯಲ್ಲಿ ರೋಚಕತೆ ಜಾಸ್ತಿ. 1941ರ ಮಾರ್ಚಿನಲ್ಲಿ ಎಚ್‌ಎಕ್ಸ್ 112 ಕಾನ್ವಾಯ್ ಕಾಯುವಾಗ ಜರ್ಮನಿಯ ಅತಿ ದೊಡ್ಡ ಬೇಟೆಗಾರ, ಯು-ಬೋಟ್ ಕ್ಯಾಪ್ಟನ್ ಓಟ್ಟೊ ಕ್ರೆಟ್ಷ್ಮರ್ ಅವರ ಕೈಗೇ ಸೆರೆಸಿಕ್ಕರು. ಕ್ರೆಟ್ಷ್ಮರ್ ಕತ್ತಿನಲ್ಲಿದ್ದ ದುರ್ಬೀನನ್ನು ಮ್ಯಾಕಿಂಟೈರ್ ಕಿತ್ತಿಟ್ಟುಕೊಂಡು, ಯುದ್ಧ ಮುಗಿಯುವವರೆಗೆ ಅದರಲ್ಲೇ ಸಮುದ್ರ ನೋಡಿದರು. ಎಷ್ಟೋ ವರ್ಷದ ಮೇಲೆ ವಾಪಸ್ ಕೊಟ್ಟರಂತೆ. ಚೆನ್ನಾಗಿದೆ. ಆದರೆ ಗ್ರೆಟನ್ ತಾವು ಇಲ್ಲದೇ ಹೋದ ಯುದ್ಧದ ಬಗ್ಗೆ ಬರೆಯುತ್ತಾರೆ. ಅದು ಬೇರೆಯದೇ ಧೈರ್ಯ.

1943ರ ಏಪ್ರಿಲ್, ಓಎನ್‌ಎಸ್ 5 ಅನ್ನುವ ಕಾನ್ವಾಯ್. ನಲವತ್ತರಷ್ಟು ಹಡಗುಗಳು ಬ್ರಿಟನ್ನಿನಿಂದ ಅಮೆರಿಕದ ಕಡೆ ಖಾಲಿ ಹೊರಟಿದ್ದವು, ಎದುರಿಗೆ ಬಿರುಗಾಳಿ. ಗ್ರೆಟನ್ ಇದ್ದ ಡಂಕನ್ ಹಳೇ ಡೆಸ್ಟ್ರಾಯರ್, ಎಣ್ಣೆ ಕುಡಿಯುವುದು ಜಾಸ್ತಿ. ಜೊತೆಗೇ ಬರುತ್ತಿದ್ದ ಟ್ಯಾಂಕರಿನಿಂದ ಎಣ್ಣೆ ತುಂಬಿಸಿಕೊಳ್ಳಬೇಕು ಅಂದರೆ, ಅದು ಹಿಂದಕ್ಕೆ ಬಿಟ್ಟ ಕೊಳವೆಯನ್ನು ಹಿಡಿದು ಗಂಟೆಗಟ್ಟಲೆ ಅದೇ ವೇಗದಲ್ಲಿ ಹೋಗಬೇಕು. ಆ ಅಲೆಗಳಲ್ಲಿ ಆಗಲೇ ಇಲ್ಲ. ಬೇರೆ ಹಡಗಿಗೆ ದಾಟೋಣ ಅಂದರೆ ದೋಣಿ ಇಳಿಸುವ ಹಾಗೂ ಇಲ್ಲ. ಮೇ 3ರಂದು ಕಮಾಂಡರೇ ಕಾನ್ವಾಯ್ ಬಿಟ್ಟು ನ್ಯೂಫೌಂಡ್‌ಲ್ಯಾಂಡಿಗೆ ಹೋಗಬೇಕಾಯಿತು. ಮರುದಿನ ರಾತ್ರಿ ಯು-ಬೋಟ್‌ಗಳು ಮುಗಿಬಿದ್ದವು.

ಹೊಣೆ ಹೊತ್ತವರು ಟೇ ಹಡಗಿನ ಶೆರ್ವುಡ್. ಅವರ ಆಸ್ಡಿಕ್ ಬೇರೆ ಕೆಟ್ಟಿತ್ತು. ಮೇ 5ರ ಸಂಜೆ ದಟ್ಟ ಮಂಜು ಇಳಿಯಿತು. ರೇಡಾರ್ ಇದ್ದವರಿಗೆ ಮಂಜಿನಲ್ಲೂ ಕಾಣುತ್ತಿತ್ತು, ಯು-ಬೋಟ್‌ಗಳಿಗೆ ಕಾಣುತ್ತಿರಲಿಲ್ಲ. ಕೊನೆಗೆ 13 ವ್ಯಾಪಾರಿ ಹಡಗು ಹೋದವು, 6 ಯು-ಬೋಟ್ ಮುಳುಗಿದವು. ಹಾಳೆಯಲ್ಲಿ ಈ ಪುಟ ಬಿಡಿಸುವಾಗ ನಾನು ಡಂಕನ್ ಇರಬೇಕಾದ ಜಾಗವನ್ನು ಖಾಲಿ ವೃತ್ತವಾಗಿ ಬಿಡುತ್ತೇನೆ. ಎಣ್ಣೆಯ ಲೆಕ್ಕ ಬಂದ ಪುಟಗಳನ್ನು ಹಾರಿಸಿಬಿಡುವವರು ಈ ಖಾಲಿ ವೃತ್ತ ಯಾಕೆ ಬಂತು ಅಂತ ಯಾವತ್ತೂ ತಿಳಿಯಲಾರರು.

ಈ ಪುಸ್ತಕಗಳಲ್ಲಿ ನನಗೆ ಸಿಟ್ಟು ಬರಿಸುವುದು ಒಂದೇ. ಬ್ರಿಟಿಷ್ ವ್ಯಾಪಾರಿ ಹಡಗುಗಳ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದವರಲ್ಲಿ ಲಾಸ್ಕರ್ ಅನ್ನಿಸಿಕೊಂಡ ನಮ್ಮ ಕಡೆಯ ನಾವಿಕರು, ಆ ಲಾಸ್ಕರ್‌ಗಳು ಸಾವಿರಾರು. ಬೆಂಗಾವಲು ಹಡಗನ್ನು ನಡೆಸುವ ಅಧಿಕಾರಿಗಳು ನಿಲ್ಲುವ ಬ್ರಿಡ್ಜ್‌ನಿಂದ ಅವರು ಕಾಣಿಸುವುದು ನೀರಿಗೆ ಬಿದ್ದ ಮೇಲೆಯೇ, ಅದೂ ಹೆಸರಿಲ್ಲದೆ.

ಅದಕ್ಕೇ ಈಚೆಗೆ ಹಿಂದೂ ಮಹಾಸಾಗರದ ಕಡೆ ತಿರುಗಿದ್ದೇನೆ. 1942ರ ನವೆಂಬರ್ 11ರಂದು ರಾಯಲ್ ಇಂಡಿಯನ್ ನೇವಿಯ ಪುಟ್ಟ ಯುದ್ಧನೌಕೆ ಬೆಂಗಾಲ್, ಒಂಡಿನಾ ಅನ್ನುವ ಡಚ್ ಟ್ಯಾಂಕರಿಗೆ ಬೆಂಗಾವಲಾಗಿ ಆಸ್ಟ್ರೇಲಿಯಾದಿಂದ ಡಿಯಾಗೊ ಗಾರ್ಸಿಯಾಕ್ಕೆ ಹೊರಟಿತ್ತು. ಎದುರಿಗೆ ಜಪಾನಿನ ಎರಡು ದೊಡ್ಡ ದಾಳಿ ಹಡಗುಗಳು ಸಿಕ್ಕವು. ಒಂದು, ಹೊಕೊಕು ಮಾರು, ಸ್ಫೋಟಗೊಂಡು ಮುಳುಗಿತು. ಟ್ಯಾಂಕರ್ ಮುಳುಗಿತು ಅಂತಲೇ ಬೆಂಗಾಲ್‌ನವರು ನಂಬಿದ್ದರು. ಅದು ಕ್ಯಾಪ್ಟನ್ ಹಾರ್ಸ್‌ಮನ್ ಅವರನ್ನು ಕಳೆದುಕೊಂಡು, ಕುಂಟುತ್ತಾ ಫ್ರೀಮ್ಯಾಂಟಲ್‌ಗೆ ವಾಪಸಾಯಿತು. ಹೊಕೊಕು ಮಾರುವಿಗೆ ಬಡಿದ ಆ ಗುಂಡು ನಮ್ಮದು ಅಂತ ಬೆಂಗಾಲ್‌ನವರು, ಅಲ್ಲ ನಮ್ಮದು ಅಂತ ಒಂಡಿನಾದವರು. ಹಾಳೆಯಲ್ಲಿ ಆ ಚೌಕದಲ್ಲಿ ಎರಡೂ ಹೆಸರು ಬರೆದಿದ್ದೇನೆ, ಪೆನ್ಸಿಲಿನಲ್ಲೇ.